ಪೈಪಿನ ಬಾಯಿಗೆ ವಿಭೂತಿ

ಎರಡು ಪೈಪು ಕೂಡಿ ಒಂದಾಗುವುದನ್ನು ನಾನು ಹತ್ತಿರ ನಿಂತು ನೋಡಿದ್ದು ಐವತ್ತು ದಾಟಿದ ಮೇಲೆ. ಅಲ್ಲಿತನಕ ಪೈಪು ಜೋಡಿಸುವುದೆಂದರೆ ನನ್ನ ಪಾಲಿಗೆ ಬಚ್ಚಲಮನೆಯ ಬಿಳಿ ಪೈಪಿಗೆ ಡಬ್ಬಿಯ ಅಂಟು ಬಳಿದು ಇನ್ನೊಂದರೊಳಗೆ ತುರುಕುವುದು, ಕೈಗೆ ಹತ್ತಿದ ಅಂಟನ್ನು ಪ್ಯಾಂಟಿಗೆ ಒರೆಸಿಕೊಳ್ಳುವುದು, ಆಮೇಲೆ ಸೋರಲಿಕ್ಕೆ ಶುರುವಾಯಿತೇನೋ ಎಂದು ಮೇಲಿಂದ ಮೇಲೆ ಅಲುಗಾಡಿಸಿ ನೋಡುವುದು. ಹಾಗೆ ಅಲುಗಾಡಿಸಿ ನೋಡಿಯೇ ಗಟ್ಟಿ ಕೂತಿದ್ದನ್ನು ಸೋರುವಂತೆ ಮಾಡಿದ ಕೀರ್ತಿಯೂ ನನ್ನದೇ.

ಜಮಖಂಡಿಯಲ್ಲಿ ನನ್ನದೊಂದು ಚಷ್ಮಾದ ಅಂಗಡಿ. ದಿನವೆಲ್ಲ ಮಂದಿಯ ಕಣ್ಣು ನೋಡುತ್ತ ಕೂರುವವನಿಗೆ ಹೊಲದ ಕೆಲಸ ಒಗ್ಗಲಿಲ್ಲ. ಹೊಲ ಮಾತ್ರ ಇದೆ, ಹೊಳೆಯ ಆಚೆ ಸಾವಳಗಿ ಕಡೆಗೆ. ಅದನ್ನು ನನ್ನ ದೊಡ್ಡಪ್ಪನ ಹಿರಿಯ ಮಗ, ನಾವೆಲ್ಲ ಅಣ್ಣ ಎಂದೇ ಕರೆಯುವವನು, ತನ್ನದರ ಜೊತೆಗೇ ನೋಡಿಕೊಳ್ಳುತ್ತಾನೆ. ನಾನು ವರ್ಷಕ್ಕೆ ನಾಲ್ಕಾರು ಸಲ ಹೋಗಿ, ಬದುವಿನ ಮೇಲೆ ನಿಂತು, ಮಳೆ ಹೆಚ್ಚಾದರೆ ಏನು ಗತಿ, ಕಡಿಮೆಯಾದರೆ ಏನು ಗತಿ ಎಂದು ಕೇಳಿ, ಅವನ ತಲೆ ಕೆಡಿಸಿ ಬರುತ್ತೇನೆ. ಚಿಂತೆ ಮಾಡುವುದು ನನಗೆ ಯಾರೂ ಕಲಿಸದೆ ಬಂದ ವಿದ್ಯೆ. ಹೆಂಡತಿ ಹೇಳುವ ಪ್ರಕಾರ, ನಾನು ಚಿಂತೆಯಿಲ್ಲದೆ ಕೂತ ದಿನ ಆಕೆಗೆ ಚಿಂತೆಯಾಗುತ್ತದೆ.

ಅಣ್ಣತಮ್ಮಂದಿರ ನಾಲ್ಕು ಮನೆಯವರು ಕೂಡಿ ಹೊಳೆಯಿಂದ ಏರುಹೊಲಕ್ಕೆ ಪೈಪ್‌ಲೈನ್ ಹಾಕಿಸುವುದೆಂದು ಠರಾವಾದಾಗ ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಕೇಳಿದವ ನಾನು, ಎಲ್ಲರಿಗಿಂತ ಕಡಿಮೆ ಕೆಲಸ ಮಾಡಿದವನೂ ನಾನು. ಮೂರು ಮನೆಯ ಹೊಲ ಡಾಂಬರು ರಸ್ತೆಯ ಈಚೆಗೇ ಇದ್ದವು. ನಾಲ್ಕನೆಯದೊಂದೇ ರಸ್ತೆ ದಾಟಿ ಆಚೆ, ಎತ್ತರದಲ್ಲಿ. ಅದು ವೈನಿಯ ಹೊಲ. ಅಣ್ಣನ ಬೆನ್ನಿಗೆ ಹುಟ್ಟಿದ ತಮ್ಮ ತೀರಿಕೊಂಡ ಮೇಲೆ ಅವನ ಹೆಂಡತಿ, ನಮ್ಮ ವೈನಿ, ತಾನೇ ಹೊಲ ಮಾಡಿಸುತ್ತ ಬಂದಾಕೆ. ಅಷ್ಟು ವರ್ಷ ಅಲ್ಲಿ ಮುಗಿಲು ನೋಡಿಕೊಂಡು ಜೋಳ, ತೊಗರಿ ಬೆಳೆದಿದ್ದಳು. ಈಗ ನೀರು ಬರುತ್ತದೆಂದು ಮೊದಲ ಸಲ ಕಬ್ಬು ಹಚ್ಚಲು ಸಾಲು ಹೊಡೆಸಿ, ಮುಧೋಳ ಕಡೆಯಿಂದ ಬೀಜದ ಕಬ್ಬು ತರಿಸಿ, ಬೇವಿನ ಗಿಡದ ಕೆಳಗೆ ಹಸಿ ಗೋಣಿಚೀಲ ಹೊಚ್ಚಿ ಇಟ್ಟುಬಿಟ್ಟಿದ್ದಳು.

"ನೀರ ಬರೂಕಿಂತ ಮೊದಲ ಬೀಜ ಯಾಕ ತರಿಸಿದಿ ವೈನಿ?" ಎಂದು ನಾನು ಗಾಬರಿಯಿಂದ ಕೇಳಿದ್ದೆ.

"ನಿನ್ನಂಗ ಕುಂತ್ರ ನೀರೂ ಬರೂದಿಲ್ಲ, ಬೀಜಾನೂ ಬರೂದಿಲ್ಲ," ಅಂದಿದ್ದಳು.

ಅದು ದೀಪಾವಳಿಯ ಮುಂಚಿನ ಮಾತು. ರಸ್ತೆ ಒಡೆಯಲು ಅನುಮತಿ ಸಿಕ್ಕಿದ್ದು ಒಂದೇ ದಿನಕ್ಕೆ, ಅದೂ ಬೆಳಗಿನಿಂದ ಸಂಜೆತನಕ. ಇನ್ನೇನು ಸಕ್ಕರೆ ಕಾರ್ಖಾನೆಗಳು ಚಾಲೂ ಆದರೆ ಆ ರಸ್ತೆಯ ಮೇಲೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಕಡಿಯುವುದೇ ಇಲ್ಲ, ಸೀಜನ್ ಮುಗಿಯುವವರೆಗೆ ಗುದ್ದಲಿ ಹಚ್ಚಲೂ ಯಾರೂ ಬಿಡುವುದಿಲ್ಲ. ಅಂದರೆ ಆ ದಿನ ಪೈಪು ರಸ್ತೆ ದಾಟಿದರೆ ವೈನಿಗೆ ಕಬ್ಬು, ಇಲ್ಲದಿದ್ದರೆ ಆ ಬೀಜ ದನಕ್ಕೆ ಮೇವು.

ಹಿಂದಿನ ದಿನ ಅಣ್ಣ ಫೋನು ಮಾಡಿದ. "ತಮ್ಮಾ, ನಾಳೆ ರಸ್ತಾ ಒಡ್ಯಾಕತ್ತೇವಿ. ನೀ ಬಾ. ಯಾರರ ಆಫೀಸರ್ ಬಂದ್ರ ಮಾತಾಡಾಕ ಒಬ್ಬ ಚಷ್ಮಾದವ ಬೇಕು."

"ನಾ ಬಂದು ಏನ ಮಾಡ್ಲಿ?"

"ಏನೂ ಮಾಡಬ್ಯಾಡ. ಅದಕ್ಕ ಕರ್ಯಾಕತ್ತೇನಿ."

ಹೋದೆ. ಆಫೀಸರ್ ಯಾರೂ ಬರಲಿಲ್ಲ. ನನಗೆ ಮಾಡಲು ಕೆಲಸವಿಲ್ಲದ್ದರಿಂದ ಪೈಪು ಕೂಡಿಸುವ ಮಿಸ್ತ್ರಿಯ ಮಗ್ಗುಲಲ್ಲಿ ಹೋಗಿ ನಿಂತೆ.

ಮಿಸ್ತ್ರಿ ಬನಹಟ್ಟಿಯವ. ಮನೆಯಲ್ಲಿ ಮಗ್ಗಗಳಿದ್ದವಂತೆ. "ಆ ಖಟಪಟ ಸಪ್ಪಳಕ್ಕ ಬ್ಯಾಸತ್ತು ಈ ಕೆಲಸಕ್ಕ ಬಂದ್ನಿರಿ ಸರ್," ಎಂದು ಅವನು ಹೇಳಿದ್ದು ನನಗೆ ಮೂರನೆಯ ಸಲಕ್ಕೆ ಕೇಳಿಸಿತು, ಯಾಕೆಂದರೆ ಪಕ್ಕದಲ್ಲೇ ಅವನ ಜನರೇಟರ್ ಕಿವಿ ಹರಿಯುವಂತೆ ಒದರುತ್ತಿತ್ತು. ತನ್ನ ಕೆಲಸದ ಬಗ್ಗೆ ಅವನಿಗೆ ಭಾಳ ಅಭಿಮಾನ. ತಾನು ಕೂಡಿಸಿದ ಪೈಪು ಈ ಜಿಲ್ಲೆಯಲ್ಲಿ ಎಲ್ಲೂ ಬಾಯಿ ಬಿಟ್ಟಿಲ್ಲವೆಂದು ಕೇಳದೆಯೇ ಹೇಳುತ್ತಿದ್ದ. ಹೇಳುವಾಗ ಬಲಗೈಯಿಂದ ತನ್ನ ಎದೆಯನ್ನೇ ತಟ್ಟಿಕೊಳ್ಳುತ್ತಿದ್ದ.

ಪೈಪುಗಳು ಕರಿಯವು, ಉದ್ದಕ್ಕೆ ನೀಲಿ ಗೆರೆ. ಒಬ್ಬನ ತೆಕ್ಕೆಗೆ ಸಿಕ್ಕಷ್ಟು ದಪ್ಪ, ಗೋಡೆಯೇ ಹೆಬ್ಬೆರಳಿನಗಲ. ಇವಕ್ಕೆ ಅಂಟು ನಡೆಯುವುದಿಲ್ಲ ಎಂದು ಗೊತ್ತಾದದ್ದು ಅವತ್ತು. ಒಂದು ಉದ್ದನೆಯ ಕಬ್ಬಿಣದ ಚೌಕಟ್ಟು. ಅದರ ಮೇಲೆ ಎರಡು ಪೈಪುಗಳನ್ನು ಎದುರುಬದುರು ಮಲಗಿಸಿ, ಕೊರಳಿಗೆ ಕಬ್ಬಿಣದ ಬಳೆ ತೊಡಿಸಿ ಬಿಗಿದ. ನಡುವೆ ತಿರುಗುವ ರಂದಾ ಇಳಿಬಿಟ್ಟ. ಅದು ಎರಡೂ ಬಾಯಿಗಳನ್ನು ಒಮ್ಮೆಲೇ ಹೆರೆಯುತ್ತದೆ. ಮೊದಲು ಚೂರುಚೂರಾಗಿ ಉದುರಿತು. ಸ್ವಲ್ಪ ಹೊತ್ತಿಗೆ ಹುಡುಗಿಯರ ಜಡೆಯ ರಿಬ್ಬನ್ನಿನಂತೆ ಉದ್ದುದ್ದಕ್ಕೆ ಸುರುಳಿಯಾಗಿ ಬರತೊಡಗಿತು.

"ಚೂರು ಬೀಳಾಕತ್ತಾವಂದ್ರ ಬಾಯಿ ಇನ್ನೂ ಸೊಟ್ಟ ಐತಿ ಅಂತ ತಿಳ್ಕೋರಿ," ಅಂದ ಮಿಸ್ತ್ರಿ. "ಸುತ್ತೆಲ್ಲಾ ಹರೀಲಾರದ ಒಂದ ಎಳಿ ಬಂತಂದ್ರ ಸಾಪ್ ಆತು."

ಆಮೇಲೆ ರಂದಾ ತೆಗೆದು, ಬಿಳಿ ಅರಿವೆಗೆ ಸ್ಪಿರಿಟ್ ಹಾಕಿ ಎರಡೂ ಬಾಯಿ ಒರೆಸಿದ. ಎರಡನ್ನೂ ಸರಿಸಿ ತುಟಿಗೆ ತುಟಿ ಹಚ್ಚಿ, ನಡುವೆ ಬೆಳಕು ಹಾಯುತ್ತದೇನೋ ಎಂದು ಒಂದು ಕಣ್ಣು ಮುಚ್ಚಿ ನೋಡಿದ. ಮತ್ತೆ ದೂರ ಸರಿಸಿದ. ಕರೆಂಟಿನಿಂದ ಕಾಯುವ ಒಂದು ದುಂಡನೆಯ ತಟ್ಟೆಯನ್ನು ತೋರಿಸಿದ. "ಇದು ನಮ್ಮ ಹಂಚು. ಕಾದಿಂದ ಇದನ್ನ ನಡುವ ಇಡ್ತೇನಿ, ಈ ಮಗ್ಗಲ ಒಂದ ರೊಟ್ಟಿ, ಆ ಮಗ್ಗಲ ಒಂದ ರೊಟ್ಟಿ. ಎರಡೂ ಬಾಯಿ ಕರಗಿ ಬೆಣ್ಣಿ ಆದ್ವಂದ್ರ ಹಂಚು ತಗದು ಒತ್ತಿಬಿಡೂದು."

"ಅಂದ್ರ ನಡುವ ಏನೂ ಹಾಕೂದಿಲ್ಲ?"

"ಏನ ಹಾಕೂದ್ರೀ? ಅದಕ್ಕ ಅದ ಅಂಟು."

ನನಗೆ ಇದು ತಲೆಗೆ ಹತ್ತಿಬಿಟ್ಟಿತು. ಈಚೆಯ ದಂಡೆಯಲ್ಲಿ ಅವನು ಒಂದು ಜೋಡಣೆ ಮಾಡಿ ತೋರಿಸಿದ. ಹಂಚು ತೆಗೆದು ಒತ್ತಿದಾಗ ಎರಡೂ ಕಡೆಯಿಂದ ಕರಗಿದ ಕರಿ ಪ್ಲಾಸ್ಟಿಕ್ ಉಬ್ಬಿ ಬಂದು, ಹೊರಳಿ, ಪೈಪಿನ ಸುತ್ತ ಜೋಡಿ ತುಟಿ ಕಟ್ಟಿತು. ಆ ತುಟಿಯ ಒಳಗೆ ಏನು ನಡೆದಿದೆ? ಎಲ್ಲಿಗೆ ಈ ಪೈಪು ಮುಗಿದು ಆ ಪೈಪು ಶುರುವಾಗುತ್ತದೆ? ಗೆರೆ ಎಂಬುದೊಂದು ಇದೆಯೋ ಇಲ್ಲವೋ? ಮಿಸ್ತ್ರಿಗೆ ಕೇಳಿದೆ. "ಗೆರಿ ಗಿರಿ ಏನಿಲ್ಲರಿ, ಒಂದ ಆಗಿಬಿಟ್ಟಾವ," ಅಂದ. ಇಷ್ಟು ವರ್ಷ ಸಂಸಾರ ಮಾಡಿದವನಿಗೆ ಇಷ್ಟು ಸಲೀಸಾಗಿ ಒಂದಾಗುವ ವಸ್ತುಗಳಿವೆ ಎಂಬುದು ನಂಬಲು ಕಷ್ಟವಾಗಿತ್ತು.

ಅಷ್ಟರಲ್ಲಿ ರಸ್ತೆ ಅರ್ಧ ಒಡೆದಾಗಿತ್ತು. ತೋಡಿದ ಕಾಲುವೆಯಲ್ಲಿ ಮೊದಲು ಒಂದು ದೊಡ್ಡ ಸಿಮೆಂಟ್ ಕೊಳವೆ ಕೂರಿಸುವುದು, ಅದರೊಳಗಿಂದ ನಮ್ಮ ಕರಿ ಪೈಪನ್ನು ಆಚೆಗೆ ಎಳೆಯುವುದು. ರಸ್ತೆ, ಅದರ ಎರಡೂ ಬದಿಯ ಗಟಾರ, ದಂಡೆ ಎಲ್ಲ ಕೂಡಿ ಒಂದು ಪೈಪಿನ ಉದ್ದ ಸಾಲದು. ಹಾಗಾಗಿ ಒಂದು ಜೋಡಣೆ ಸರಿಯಾಗಿ ರಸ್ತೆಯ ಹೊಟ್ಟೆಯ ಕೆಳಗೇ ಬರುತ್ತದೆ. ಇದು ತಿಳಿದ ಕೂಡಲೇ ಎಲ್ಲ ಬಿಟ್ಟು ನನ್ನ ಚಿಂತೆ ಅಲ್ಲಿಗೆ ಹೋಗಿ ಕೂತಿತು. ನೀರು ಬಿಟ್ಟು ನೋಡಿ ಆಮೇಲೆ ಮುಚ್ಚಬಾರದೇ ಎಂದೆ. ಹೊಳೆಯ ಕಡೆಯ ಕೆಲಸ ಇನ್ನೂ ಮುಗಿದಿಲ್ಲ, ನೀರು ಎಲ್ಲಿಂದ ತರೋಣ ಎಂದರು. ಹೌದಲ್ಲ ಎಂದು ಸುಮ್ಮನಾದೆ, ಅಂದರೆ ಬಾಯಿ ಮಾತ್ರ ಸುಮ್ಮನಾಯಿತು.

ಆ ಜೋಡಣೆಗೆಂದು ಮಿಸ್ತ್ರಿ ಪೈಪು ಬಿಗಿದು, ಹೆರೆದು, ಸ್ಪಿರಿಟ್‌ನಿಂದ ಒರೆಸಿ, ಇನ್ನೇನು ಹಂಚು ಇಡಬೇಕು, ಆಗ ಜನರೇಟರ್ ಕೆಮ್ಮಿ ಕೆಮ್ಮಿ ನಿಂತುಬಿಟ್ಟಿತು. ಬೈಯುತ್ತ ಅದರ ಕಡೆ ಓಡಿದ. ಅಣ್ಣನಿಗೆ ಇದು ಒಳ್ಳೆಯ ಬಿಡುವಾಗಿ ಕಂಡಿತು.

"ಅಂವ ಅದನ್ನ ಚಾಲೂ ಮಾಡೂತನಕ ನಾವು ಪೂಜಿ ಮುಗಿಸಿಬಿಡೂಣು."

ನಮ್ಮಲ್ಲಿ ಪೂಜೆ ಇಲ್ಲದೆ ಏನೂ ಶುರುವಾಗುವುದಿಲ್ಲ. ಹೊಸ ಟ್ರ್ಯಾಕ್ಟರಿಗೆ, ಹೊಸ ಮೋಟರಿಗೆ, ಹೊಸ ಬೀಗಕ್ಕೂ ಮೂರು ಬೆರಳು ವಿಭೂತಿ ಎಳೆದೇ ಕೈಗೆತ್ತಿಕೊಳ್ಳುವವರು ನಾವು. ರಸ್ತೆ ದಾಟುವುದೆಂದರೆ ಸೀಮೆ ದಾಟಿದಂತೆ, ಕಾಯಿ ಒಡೆಯಲೇಬೇಕು. ಅಣ್ಣನ ಹೆಂಡತಿ ಪೂಜೆಯ ತಟ್ಟೆ ಹಿಡಿದು ಮುಂದೆ ಬಂದಳು. ಅಣ್ಣ ಕೈ ಅಡ್ಡ ಹಿಡಿದ.

"ನೀರು ಹೋಗೂದು ಆಕಿ ಹೊಲಕ್ಕ. ಪೂಜಿನೂ ಆಕಿನ ಮಾಡ್ಲಿ," ಎಂದು ವೈನಿಯ ಕಡೆ ತೋರಿಸಿದ.

ಗಂಡ ಹೋದ ಮೇಲೆ ವೈನಿ ಇಂಥ ಹೊತ್ತಿನಲ್ಲಿ ಹಿಂದಿನ ಸಾಲಿನಲ್ಲಿ ನಿಂತು ಕೈ ಮುಗಿಯುವವಳು. ಯಾರೂ ಹಾಗೆ ಮಾಡೆಂದು ಹೇಳಿರಲಿಲ್ಲ, ಬೇಡವೆಂದೂ ಹೇಳಿರಲಿಲ್ಲ. ಅಣ್ಣನ ಹೆಂಡತಿ ಒಂದು ಗಳಿಗೆ ಗಂಡನ ಮುಖ ನೋಡಿ, ತಟ್ಟೆಯನ್ನು ವೈನಿಯ ಕೈಗಿಟ್ಟಳು. ಒಂದು ಮಾತಿಗೆ ನಾಲ್ಕು ಮಾತು ತಿರುಗಿಸುವ ವೈನಿ ಈಗ ತಲೆಯ ಮೇಲೆ ಸೆರಗು ಎಳೆದುಕೊಂಡು, ಬೆರಳು ನೀರಲ್ಲಿ ಅದ್ದಿ, ವಿಭೂತಿ ಗಟ್ಟಿಗೆ ತಿಕ್ಕಿ, ಮೊದಲು ಮಷೀನಿಗೆ ಹಚ್ಚಿ, ಕುಂಕುಮವನ್ನೂ ಇಟ್ಟಳು. ಆಮೇಲೆ ಆಗಷ್ಟೇ ಹೆರೆದು ಥಳಥಳ ಹೊಳೆಯುತ್ತಿದ್ದ ಪೈಪಿನ ಬಾಯಿಗೂ ಭಕ್ತಿಯಿಂದ ಎಳೆದಳು. ಅಷ್ಟು ಚೊಕ್ಕಾದ ಜಾಗ ಆ ಬಯಲಲ್ಲಿ ಮತ್ತೊಂದು ಇರಲಿಲ್ಲ, ಯಾರಾದರೂ ಅಲ್ಲೇ ಹಚ್ಚುತ್ತಿದ್ದರು. ಹಸಿ ವಿಭೂತಿ ಹಚ್ಚಿದ ಕೂಡಲೇ ಕಾಣುವುದಿಲ್ಲ, ಒಣಗಿದ ಮೇಲೆ ಬೆಳ್ಳಗೆ ಏಳುತ್ತದೆ. ಅದು ಒಣಗುವ ಮೊದಲೇ ಜನರೇಟರ್ ಒದರಿತು. ಮಿಸ್ತ್ರಿ ಓಡಿ ಬಂದು, ಮಷೀನಿನ ಹಿಡಿಕೆಗೆ ಹತ್ತಿದ ಕುಂಕುಮವನ್ನು ಗೊಣಗುತ್ತ ಒರೆಸಿ, ಹಂಚು ಇನ್ನೂ ಕಾದೇ ಇದ್ದುದನ್ನು ನೋಡಿ, ನಡುವೆ ಇಟ್ಟುಬಿಟ್ಟ. ಕರಗಿತು, ಹಂಚು ತೆಗೆದ, ಒತ್ತಿದ. ದುಂಡಗೆ ಜೋಡಿ ತುಟಿ ಕಟ್ಟಿತು. ಎಲ್ಲರೂ ಚಪ್ಪಾಳೆ ತಟ್ಟಿದೆವು.

ಒತ್ತಿದ ಮೇಲೆ ತಾನಾಗಿಯೇ ಆರುವವರೆಗೆ ಅದನ್ನು ಹಾಗೇ ಬಿಗಿಹಿಡಿದು ಬಿಡಬೇಕು. ಅಣ್ಣ ಒಂದು ಕೊಡ ಎತ್ತಿಕೊಂಡು ಬಂದ. "ನೀರ ಹೊಯ್ದ್ರ ಲಗೂನ ಆರ್ತೈತಲ್ಲ?"

"ಬ್ಯಾಡ್ರೀ ಸಾವ್ಕಾರ್ರ!" ಎಂದು ಮಿಸ್ತ್ರಿ ಅಡ್ಡ ನಿಂತ. "ಹಡದಾಕಿಗೆ ತಣ್ಣೀರ ಸುರುವಿದಂಗ ಆಗ್ತೈತಿ. ತಾನ ಆರ್ಲಿ."

ಆರುವುದನ್ನು ನೋಡುತ್ತ ಕೂರುವುದಕ್ಕಿಂತ ಬೇರೆ ಕೆಲಸವಿಲ್ಲ. ಆಗ ನನ್ನ ಬಾಯಿ ಸುಮ್ಮನಿದ್ದಿದ್ದರೆ ಆ ದಿನ ಬೇಗ ಮುಗಿಯುತ್ತಿತ್ತು. ಆದರೆ ನನ್ನ ಅಂಗಡಿಯಲ್ಲೂ ಸ್ಪಿರಿಟ್ ಇದೆ. ಗಿರಾಕಿಗಳು ಹೊಸ ಚಷ್ಮಾ ಕೊಟ್ಟ ಕೂಡಲೇ ಗಾಜಿನ ನಟ್ಟನಡುವೆ ಹೆಬ್ಬೆರಳು ಒತ್ತಿ, "ಏನ್ರೀ, ಮಬ್ಬು ಕಾಣ್ತೈತಿ" ಎನ್ನುತ್ತಾರೆ. ಅದನ್ನು ಒರೆಸಲು ಇಟ್ಟಿರುತ್ತೇನೆ. ಪೈಪಿಗೇನು ಕಣ್ಣೇ?

"ಮಿಸ್ತ್ರಿ, ಆ ಸ್ಪಿರಿಟ್ ಯಾಕ ಒರಸ್ತೀರಿ?"

"ಏನೂ ಹತ್ತಿರಬಾರದ್ರೀ ಬಾಯಿಗೆ. ಧೂಳಿ, ಎಣ್ಣಿ, ನೀರು... ಕೈಬೆವರ ಹತ್ತಿದ್ರೂ ಮುಗೀತು. ಎಲ್ಲಿ ಹತ್ತೇತಿ ಅಲ್ಲಿ ಕೂಡೂದಿಲ್ಲ. ಮ್ಯಾಲಿಂದ ಮಾತ್ರ ಹಿಂಗ ಛಲೋ ತುಟಿ ಕಾಣ್ತಾವು."

ನಾನು ಸುಮ್ಮನೆ ತಿಳಿದುಕೊಳ್ಳಲೆಂದೇ ಕೇಳಿದೆ, "ವಿಭೂತಿ ಹತ್ತಿದ್ರ?"

ಮಿಸ್ತ್ರಿ ನಕ್ಕ. "ಪೈಪಿನ ಬಾಯಿಗೆ ವಿಭೂತಿ ಯಾರ ಹಚ್ತಾರ್ರೀ!"

ಯಾರೂ ನಗಲಿಲ್ಲ. ಮಿಸ್ತ್ರಿ ಒಬ್ಬೊಬ್ಬರ ಮುಖ ನೋಡುತ್ತ ಹೋಗಿ, ತಟ್ಟೆ ಹಿಡಿದು ನಿಂತಿದ್ದ ವೈನಿಯ ಬಿಳಿ ಬೆರಳುಗಳ ಮೇಲೆ ಕಣ್ಣು ನಿಲ್ಲಿಸಿದ. ಅವನ ಕೈ ಎದೆ ತಟ್ಟಿಕೊಳ್ಳಲು ಮೇಲೆದ್ದಿದ್ದು ಅರ್ಧಕ್ಕೇ ನಿಂತಿತು.

ಆಮೇಲೆ ಎಲ್ಲರೂ ಒಟ್ಟಿಗೇ ಮಾತಾಡಿದರು. ನನ್ನ ಇನ್ನೊಬ್ಬ ದಾಯಾದಿ, ನಮ್ಮ ಪೈಕಿ ಸಣ್ಣವ, "ದೇವರ ವಿಭೂತಿ ಅದು, ಅದರಿಂದ ಕೆಡಕ ಆಗ್ತೈತೇನು? ಎಳೀರಿ ಅತ್ಲಾಗ!" ಅಂದ. ಅವನ ಹೊಲ ರಸ್ತೆಯ ಈಚೆಗಿತ್ತು. ಈಚೆ ಹೊಲ ಇದ್ದವರಿಗೆಲ್ಲ ಆ ಹೊತ್ತಿನಲ್ಲಿ ದೇವರ ಮೇಲೆ ಭಕ್ತಿ ಉಕ್ಕಿತ್ತು. ಆ ಜೋಡಣೆ ಬಾಯಿ ಬಿಟ್ಟರೆ ರಸ್ತೆಯ ಈಚೆ ಕೂರಿಸುವ ಗೇಟು ವಾಲ್ವು ತಿರುವಿ ನೀರನ್ನು ಈಚೆಗೇ ಇಟ್ಟುಕೊಳ್ಳಬಹುದು, ಒಣಗುವುದು ಆಚೆಯ ಒಂದೇ ಹೊಲ. ನನ್ನದೂ ಈಚೆಗೇ ಇತ್ತು, ಭಕ್ತಿ ಮಾತ್ರ ಬರಲಿಲ್ಲ. ನನಗೆ ಬರುವುದು ಚಿಂತೆಯೊಂದೇ.

"ಮಿಸ್ತ್ರಿ, ಖರೆ ಹೇಳ್ರಿ. ಹಿಡದೈತೋ ಇಲ್ಲೋ?" ಅಂದೆ.

"ಹಿಡದ್ರೂ ಹಿಡದಿರ್ತೈತಿ," ಅಂದ. "ನಾ ಕೂಡಿಸಿದ್ದು ಇಲ್ಲಿತನಾ ಒಂದೂ ಬಿಟ್ಟಿಲ್ಲ." ಸ್ವಲ್ಪ ತಡೆದು, "ಆದ್ರ ವಿಭೂತಿ ಹಾಕಿ ಯಾವತ್ತೂ ಕೂಡಿಸಿಲ್ಲರಿ."

"ಗೊತ್ತು ಮಾಡ್ಕೊಳ್ಳೂದು ಹೆಂಗ?"

"ಕೊಯ್ದು, ಒಂದ ಪಟ್ಟಿ ತಗದು, ಬಾಗಿಸಿ ನೋಡಬೇಕು."

"ಕೊಯ್ದ್ರ ಹೋತಲ್ಲ?"

"ಹೋತು. ಆದ್ರ ಛಲೋ ಇತ್ತೋ ಇಲ್ಲೋ ಅನ್ನೂದು ತಿಳೀತೈತಿ."

ಚಿಂತೆಗಾರನಿಗೆ ಇದಕ್ಕಿಂತ ದೊಡ್ಡ ಒಗಟು ಬೇರೆ ಬೇಕೇ? ಗಟ್ಟಿ ಇದೆಯೆಂದು ಖಾತ್ರಿಯಾಗುವ ಹೊತ್ತಿಗೆ ಅದು ಇರುವುದೇ ಇಲ್ಲ. ಇರಬೇಕೆಂದರೆ ಖಾತ್ರಿ ಬಿಡಬೇಕು. ನಾನು ಅಲ್ಲೇ ಕಲ್ಲಿನ ಮೇಲೆ ಕೂತು ಇದನ್ನು ಮೆಲುಕು ಹಾಕುತ್ತಿದ್ದರೆ ಅಣ್ಣ ಸಿಟ್ಟಿನಿಂದ ನನ್ನ ಕಡೆ ತಿರುಗಿದ.

"ಆಫೀಸರ್ ಬಂದ್ರ ಮಾತಾಡು ಅಂದಿದ್ದೆ ನಿನಗ. ಮಿಸ್ತ್ರಿ ಜೋಡಿ ಮಾತಾಡು ಅಂದಿದ್ನ್ಯಾ?" ಆಮೇಲೆ ದನಿ ತಗ್ಗಿಸಿ, "ಪೂಜಿ ಮಾಡಿದ್ದನ್ನ, ಅದೂ ಇವತ್ತ ಆಕಿ ಕೈಲೆ ಮಾಡಿಸಿದ್ದನ್ನ, ಗರಗಸ ಹಚ್ಚಿ ಕೊಯ್ಯೂದೇನೋ? ನಾಳೆ ಊರಾಗ ಏನಂತಾರ?"

ಅದೇ ಮಾತು. ಊರಲ್ಲಿ ಏನೆನ್ನುತ್ತಾರೆ ಎಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಗಂಡ ಸತ್ತವಳ ಕೈಯಲ್ಲಿ ಪೂಜೆ ಮಾಡಿಸಿದರು, ಸಂಜೆಯೊಳಗೆ ಕತ್ತರಿಸಿದರು. ಅಣ್ಣ ಒಳ್ಳೆಯ ಮನಸ್ಸಿನಿಂದ ಆಕೆಯನ್ನು ಮುಂದೆ ಕರೆದಿದ್ದ, ಈಗ ಅದೇ ಒಳ್ಳೆಯ ಮನಸ್ಸಿನಿಂದ ಆಕೆಯ ಹೊಲವನ್ನು ಒಣಗಿಸಲು ತಯಾರಾಗಿದ್ದ. ಒಡೆದ ರಸ್ತೆಯ ಆಚೆ ಒಂದು ಬಸ್ಸು ಬಂದು ನಿಂತಿತ್ತು. ಕಂಡಕ್ಟರ್ ಕಿಟಕಿಯಿಂದ ತಲೆ ಹಾಕಿ, "ಏ ಅಣ್ಣಾರ, ಪೈಪ ಕೂಡಸಾಕತ್ತೀರೋ, ನ್ಯಾಯ ಮಾಡಾಕತ್ತೀರೋ? ಹಾದಿ ಬಿಡ್ರಿ ಮೊದಲ," ಎಂದು ಕೂಗಿದ. ಬಸ್ಸು ಮಣ್ಣಿನ ಬದಿಯಿಂದ ವಾಲಾಡುತ್ತ ಹೋಯಿತು. ಒಳಗಿದ್ದವರೆಲ್ಲ ನಮ್ಮನ್ನೇ ನೋಡುತ್ತಿದ್ದರು.

ವೈನಿ ತಟ್ಟೆಯನ್ನು ಕೆಳಗಿಟ್ಟಳು. ಮಷೀನಿನ ಹತ್ತಿರ ಬಂದು ಆ ತುಟಿಗಳನ್ನು ಬಗ್ಗಿ ನೋಡಿದಳು. ಮಿಸ್ತ್ರಿಯನ್ನು ಕೇಳಿದಳು, "ಹಿಟ್ಟಿನಂಗನ ಏನೋ ಇದು? ಕಡಬು ಮುಚ್ಚುಮುಂದ ಅಂಚಿಗೆ ಹೂರಣ ಹತ್ತಿತಂದ್ರ ಎಷ್ಟ ಒತ್ತಿದ್ರೂ ಎಣ್ಣ್ಯಾಗ ಬಾಯಿ ಬಿಡ್ತೈತಿ. ಮ್ಯಾಲಿಂದ ಏನೂ ಗೊತ್ತಾಗೂದಿಲ್ಲ. ಹಂಗನ?"

"ಹಂಗನ ರೀ ಅಕ್ಕಾರ," ಅಂದ ಮಿಸ್ತ್ರಿ.

"ಹಂಗಾರ ಕೊಯ್ಯಿ."

ಅಣ್ಣ, "ಯವ್ವಾ, ಸ್ವಲ್ಪ ವಿಚಾರ ಮಾಡು. ಮಂದಿ..." ಅಂದ.

"ಮಂದಿ ಬಂದು ನನ್ನ ಹೊಲಕ್ಕ ನೀರ ಹಾಯಿಸ್ತಾರೇನು ಭಾವಾರ?" ಸೆರಗು ಇನ್ನೂ ತಲೆಯ ಮೇಲೇ ಇತ್ತು, ದನಿ ಮಾತ್ರ ಎಂದಿನದಾಗಿತ್ತು. "ಅನ್ನವರು ನಾ ಪೂಜಿ ಮಾಡಿದ್ರೂ ಅಂತಾರ, ಮಾಡಲಿಲ್ಲಂದ್ರೂ ಅಂತಾರ. ಕಬ್ಬ ಬಂದ್ರ ಅದಕ್ಕೂ ಅಂತಾರ. ಬೀಜ ಅಲ್ಲಿ ಗೋಣಿಚೀಲದಾಗ ಕುಂತೈತಿ. ಕೊಯ್ಯೋ ಮಿಸ್ತ್ರಿ, ಹೊತ್ತು ಹೊಂಟೈತಿ."

ಕೊಯ್ದರು. ಕಡುಬಿಸಿಲಲ್ಲಿ ಗರಗಸ ಆ ಕರಿ ಗೋಡೆಗೆ ಇಳಿಯುವುದನ್ನು ಎಲ್ಲರೂ ಸಾವಿನ ಮನೆಯಲ್ಲಿದ್ದಂತೆ ನಿಂತು ನೋಡಿದೆವು. ಜೋಡಣೆಯಿದ್ದ ಭಾಗ ಬಳೆಯಂತೆ ಕೈಗೆ ಬಂತು. ಮಿಸ್ತ್ರಿ ಅದರಿಂದ ತುಟಿ ನಡುವೆ ಬರುವಂತೆ ಒಂದು ಪಟ್ಟಿ ಕತ್ತರಿಸಿ, ಒಂದು ತುದಿಯನ್ನು ಮಷೀನಿಗೆ ಸಿಗಿಸಿದ. ಇನ್ನೊಂದನ್ನು ಇಬ್ಬರು ಹಿಡಿದು ಬಾಗಿಸಿದರು. ಬಾಗಿತು. ಇನ್ನೂ ಬಾಗಿತು. ಕುದುರೆಯ ಲಾಳದಂತೆ ಬಾಗಿ ನಿಂತಿತು. ಬಿಡಲಿಲ್ಲ.

ಮಿಸ್ತ್ರಿಯ ಕೈ ಎದೆಗೆ ಹೋಗಿ ಡಬ್ ಡಬ್ ಎಂದು ಬಡಿಯಿತು. "ಹೇಳಲಿಲ್ಲೇನ್ರೀ ನಾ!" ಸಣ್ಣವ ನನ್ನನ್ನು ನೋಡಿ, "ಆತಿಲ್ಲೋ ಚಷ್ಮಾ? ಸಮಾಧಾನ ಆತಿಲ್ಲೋ?" ಅಂದ. ಅಣ್ಣ ಬೇರೆ ಕಡೆ ಮುಖ ತಿರುಗಿಸಿದ. ಅದು ಬೈಗುಳಕ್ಕಿಂತ ಕೆಟ್ಟದ್ದು. ಒಳ್ಳೆಯ ಜೋಡಣೆಯನ್ನು ಒಂದು ಪ್ರಶ್ನೆಯಿಂದ ಕತ್ತರಿಸಿದವನೆಂದು ಇನ್ನು ನನ್ನ ಮೊಮ್ಮಕ್ಕಳಿಗೂ ಇವರು ಹೇಳುತ್ತಾರೆ ಎಂದು ನಾನು ಆಗಲೇ ಚಿಂತೆಗೆ ಇಳಿದಿದ್ದೆ.

ವೈನಿ ಮಾತ್ರ ಆ ಬಳೆಯನ್ನು ನೆಲದಿಂದ ಎತ್ತಿ, ತಿರುವಿ ತಿರುವಿ ನೋಡುತ್ತಿದ್ದಳು. "ಇದನ್ನ ಎಲ್ಲಿಂದ ಕತ್ತರಿಸಿದ್ಯೋ ಮಿಸ್ತ್ರಿ? ತಳದಿಂದ ಕತ್ತರಿಸೀಯಲ್ಲ? ನಾ ಕೈಗೆ ನಿಲುಕಿದಲ್ಲಿ, ಮ್ಯಾಲೆ ಹಚ್ಚೇನಿ. ನೀಲಿ ಗೆರಿ ಮಗ್ಗಲ."

ನೀಲಿ ಗೆರೆಯ ಮಗ್ಗುಲಿನಿಂದ ಇನ್ನೊಂದು ಪಟ್ಟಿ ಕತ್ತರಿಸಿದರು. ಸಿಗಿಸಿದರು, ಬಾಗಿಸಿದರು. ಸ್ವಲ್ಪ ಬಾಗಿತಷ್ಟೆ, ಕಬ್ಬಿನ ಗಣಿಕೆ ಮುರಿದಂತೆ ಲಟಕ್ಕನೆ ಎರಡಾಯಿತು. ಮುರಿದ ಮುಖ ನೋಡಿದೆವು. ಉಳಿದ ಕಡೆ ಹರಿದ ಗುರುತಿತ್ತು. ಒಂದು ಭಾಗ ಮಾತ್ರ ಹರಿದೇ ಇರಲಿಲ್ಲ, ನುಣ್ಣಗೆ, ಬೂದು ಬಣ್ಣಕ್ಕೆ, ಎಂದೂ ಒಂದಕ್ಕೊಂದು ಭೇಟಿಯಾಗದ ಹಾಗೆ ಕೂತಿತ್ತು. ನಾನು ಅದನ್ನು ಅಂಗಡಿಯಲ್ಲಿ ಗಾಜು ನೋಡುವಂತೆ ಬೆಳಕಿಗೆ ಹಿಡಿದು, ಓರೆ ಮಾಡಿ, ಬಹಳ ಹೊತ್ತು ನೋಡಿದೆ. ಹೊರಗೆ ಅಷ್ಟು ಚೆಂದದ ತುಟಿ, ಒಳಗೆ ಇಷ್ಟು ದೂರ. ಮುರಿದದ್ದಕ್ಕೆ ಅಲ್ಲಿ ಖುಷಿಪಟ್ಟವ ನಾನೊಬ್ಬನೇ. ಖುಷಿಯನ್ನು ಮುಖದ ಮೇಲೆ ಬರದಂತೆ ತಡೆಯಲು ಕೆಮ್ಮಬೇಕಾಯಿತು.

ಮಿಸ್ತ್ರಿ ಎರಡೂ ತುಂಡುಗಳನ್ನು ಕೈಯಲ್ಲಿ ಹಿಡಿದು, "ಎಲ್ಲಿ ಹಚ್ಚಿರಿ ಅಲ್ಲೇ ಬಿಟ್ಟೈತಿ ನೋಡ್ರಿ. ಉಳಿದದ್ದು ನನ್ನ ಕೆಲಸ, ಅದು ಹಿಡದೈತಿ," ಅಂದ. ಅಭಿಮಾನಕ್ಕೆ ಅಷ್ಟಾದರೂ ಉಳಿದಿತ್ತು.

ಹೊತ್ತು ಇಳಿಯುತ್ತಿತ್ತು. ಮತ್ತೆ ಬಿಗಿದು, ಹೆರೆದು, ಒರೆಸಿ ಎಲ್ಲ ಮೊದಲಿಂದ. ಈ ಸಲ ಹಂಚು ಕಾಯುವ ತನಕ ವೈನಿ ಮಷೀನಿನ ಪಕ್ಕ ಕಾವಲು ನಿಂತಳು. ಸಣ್ಣವ ಹತ್ತಿರ ಬಂದರೆ, "ದೂರ ನಿಂದರ್‍ಲೇ, ಬೆವರ ಸಿಡೀತೈತಿ," ಎಂದಳು. ಊದಿನಕಡ್ಡಿಯನ್ನು ಕಿತ್ತು ಆಚೆ ಇಟ್ಟಳು. ನಾನು ಕೈ ಹಿಂದೆ ಕಟ್ಟಿಕೊಂಡೇ ಬಗ್ಗಿ ನೋಡುತ್ತಿದ್ದೆ. "ಉಸರು ಬಿಡಬ್ಯಾಡ ಅದರ ಮ್ಯಾಲೆ," ಎಂದು ನನಗೂ ಹೇಳಿದಳು. ನಾನು ಉಸಿರು ಹಿಡಿದೆ. ಉಸಿರಿನ ಹಸಿಗೂ ಕೆಡುತ್ತದೇನೋ ಎಂದು ಮಿಸ್ತ್ರಿಯನ್ನು ಕೇಳಬೇಕೆಂದು ಬಾಯಿವರೆಗೆ ಬಂದ ಪ್ರಶ್ನೆಯನ್ನು ಹಾಗೇ ನುಂಗಿದೆ. ಆ ದಿನಕ್ಕೆ ಒಂದು ಪ್ರಶ್ನೆ ಸಾಕಾಗಿತ್ತು.

ಒತ್ತಿದ ಮೇಲೆ ಆರುವವರೆಗೆ ಯಾರೂ ಅವಸರ ಮಾಡಲಿಲ್ಲ. ಅಣ್ಣ ಕೊಡವನ್ನು ತಾನೇ ಎತ್ತಿ ಗಟಗಟ ಕುಡಿದುಬಿಟ್ಟ. ಪೂರಾ ಆರಿದ ಮೇಲೆ ಅಣ್ಣನ ಹೆಂಡತಿ ಪೂಜೆಯ ತಟ್ಟೆಯನ್ನು ಮತ್ತೆ ಎತ್ತಿ ವೈನಿಯ ಮುಂದೆ ಹಿಡಿದಳು.

"ಹಚ್ಚು. ಈಗ ಮ್ಯಾಲೆ ಹಚ್ಚು."

"ನೀ ಹಚ್ಚಕ್ಕಾ."

"ನಿನ್ನ ಪೈಪು. ನೀನ ಹಚ್ಚು," ಅಂದಳು ಅಣ್ಣನ ಹೆಂಡತಿ. ಆ ಮಾತನ್ನು ಆಕೆಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ವೈನಿ ತುಟಿಯ ಮೇಲೆ ಹಚ್ಚಿದಳು. ಪೈಪನ್ನು ಸಿಮೆಂಟ್ ಕೊಳವೆಯೊಳಗೆ ಎಳೆದರು. ಬೆಳಕು ಇರುವಾಗಲೇ ಮಣ್ಣು ಮುಚ್ಚಿ, ಕಲ್ಲು ಬಡಿದು, ರಸ್ತೆಯನ್ನು ಬಿಟ್ಟುಕೊಟ್ಟರು. ಮಹಾಲಿಂಗಪುರದ ಕಡೆ ಹೊರಟಿದ್ದ, ಬೆಲ್ಲದ ಪೆಂಟೆ ಹೇರಿದ ಒಂದು ಗಾಡಿ ಮೊದಲು ಅದರ ಮೇಲೆ ಹಾಯಿತು. ನಾನು ಕಣ್ಣು ಮುಚ್ಚಿಕೊಂಡೆ. ಏನೂ ಆಗಲಿಲ್ಲ, ಆಗುವುದಿದ್ದರೂ ಕಣ್ಣಿಗೆ ಕಾಣುವಂಥದ್ದಲ್ಲವಲ್ಲ.

ಹೊಳೆಯ ಕಡೆಯ ಕೆಲಸ ಅದೇ ವಾರ ಮುಗಿಯಿತು. ಅಷ್ಟು ದಿನವೂ ಅಂಗಡಿಯಲ್ಲಿ ಕೂತು ಯಾರ ಕಣ್ಣಿನ ಪರೀಕ್ಷೆ ಮಾಡಿದರೂ ನನಗೆ ಕಾಣುತ್ತಿದ್ದುದು ರಸ್ತೆಯ ಕೆಳಗಿನ ಕರಿ ತುಟಿ. ಮೋಟರ್ ಚಾಲೂ ಮಾಡುವ ಬೆಳಿಗ್ಗೆ ಅಂಗಡಿ ತೆರೆಯದೆಯೇ ಹೊರಟೆ. ಉಳಿದವರೆಲ್ಲ ಹೊಳೆದಂಡೆಯಲ್ಲಿ ಮೋಟರಿನ ಪೂಜೆಗೆ ಸೇರಿದ್ದರು. ನಾನು ನೆಟ್ಟಗೆ ಏರು ಹತ್ತಿ ತುದಿಗೆ ಹೋದೆ. ಅಲ್ಲಿ ಪೈಪು ನೆಲದಿಂದ ಎದ್ದು ಕೊಕ್ಕರೆಯಂತೆ ಕೊರಳು ಬಾಗಿಸಿ ನಿಂತಿತ್ತು. ವೈನಿ ಅದರ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು.

"ಯಾಕ ಬಂದಿ? ಎಲ್ಲಾರೂ ಹೊಳಿ ಮ್ಯಾಲೆ ಅದಾರ."

"ಸುಮ್ನ ಬಂದೆ," ಅಂದೆ. ಆಕೆ ನಂಬಲಿಲ್ಲ, ಜಾಗ ಮಾತ್ರ ಬಿಟ್ಟುಕೊಟ್ಟಳು.

ಅಣ್ಣನ ಫೋನು ಬಂತು, ಮೋಟರ್ ಚಾಲೂ ಆಯಿತೆಂದು. ನಾವಿಬ್ಬರೂ ಪೈಪಿನ ಬಾಯಿಯನ್ನೇ ನೋಡುತ್ತ ಕೂತೆವು. ಏನೂ ಇಲ್ಲ. ನಾನು ರಸ್ತೆಯ ಕಡೆ ಕತ್ತು ಉದ್ದ ಮಾಡಿ ನೋಡಿದೆ, ಮುಚ್ಚಿದ ಮಣ್ಣು ಹಸಿಯಾಗುತ್ತಿದೆಯೇನೋ ಎಂದು. ಅಷ್ಟು ದೂರದಿಂದ ಎಮ್ಮೆ ಕಂಡರೆ ಹೆಚ್ಚು. ವೈನಿ ಪೈಪಿಗೆ ಕಿವಿ ಹಚ್ಚಿದಳು. ನಾನೂ ಇನ್ನೊಂದು ಮಗ್ಗುಲಿಗೆ ಹಚ್ಚಿದೆ. ದೂರದಲ್ಲಿ ಯಾರೋ ನಿಟ್ಟುಸಿರು ಬಿಟ್ಟಂತೆ ಒಂದು ಸದ್ದು. ಅದು ಉಸಿರಿನಿಂದ ಗಾಳಿಯಾಯಿತು, ಬಾಯಿಯಿಂದ ಹೊರಬಂದು ಆಕೆಯ ಸೆರಗನ್ನು ಹಾರಿಸಿತು. ಹೊಸ ಪ್ಲಾಸ್ಟಿಕ್ಕಿನ ವಾಸನೆ, ಧೂಳು, ಮತ್ತೆ ಗಾಳಿ. ಪೈಪು ಒಮ್ಮೆ ಕೆಮ್ಮಿತು, ಒಂದು ಬೊಗಸೆ ಕೆಂಪು ನೀರು ಉಗುಳಿ ಸುಮ್ಮನಾಯಿತು. ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಆಮೇಲೆ ಪೈಪಿನ ತುಂಬ, ಬಾಯಿ ಹಿಗ್ಗಿಸಿಕೊಂಡು, ಹೊಳೆಯೇ ಏರು ಹತ್ತಿ ಬಂತು.

ಅಷ್ಟು ನೀರು ಬರಬಹುದೆಂದು ವೈನಿಯೂ ಎಣಿಸಿರಲಿಲ್ಲ. ಮಾಡಿಟ್ಟ ಕಾಲುವೆಗೆ ಅದು ಹಿಡಿಸಲಿಲ್ಲ. ಮೊದಲ ತಿರುವಿನಲ್ಲೇ ದಂಡೆ ಒಡೆದು, ನೀರು ಸಾಲು ಬಿಟ್ಟು ಮಗ್ಗುಲಿನವರ ತೊಗರಿಯ ಕಡೆ ನುಗ್ಗಿತು.

"ಅಯ್ಯ ಇದರ!" ಎಂದು ವೈನಿ ಸೀರೆ ಮೇಲಕ್ಕೆ ಸಿಗಿಸಿ, ಸಲಿಕೆ ಎತ್ತಿಕೊಂಡು ಓಡಿದಳು. "ಏನ್ ನೋಡ್ಕೋತ ನಿಂತೀಯೋ ತಮ್ಮಾ, ಬಾ, ಆ ಕಡೆಯಿಂದ ಮಣ್ಣ ತಡಿ!"

ನಾನು ಬೂಟು ಹಾಕಿಕೊಂಡೇ ಇಳಿದೆ. ಎರಡೂ ಕೈಯಿಂದ ಹೆಂಟೆ ಬಾಚಿ ಬಾಚಿ ಒಡಕಿಗೆ ಹಾಕಿದೆ, ಹಾಕಿದ್ದು ತೇಲಿ ಹೋಯಿತು, ಮತ್ತೆ ಹಾಕಿದೆ. ಕಿಸೆಯಲ್ಲಿ ಫೋನು ಒದರತೊಡಗಿತು. ಹೊಳೆದಂಡೆಯಿಂದ ಅಣ್ಣ, ನೀರು ಬಂತೋ ಇಲ್ಲವೋ ಎಂದು ಕೇಳಲು. ಅದು ನಿಲ್ಲುವುದು, ಮತ್ತೆ ಒದರುವುದು. ಮೊಣಕೈತನಕ ಕೆಸರಾಗಿದ್ದ ನನ್ನ ಕೈಗಳನ್ನು ಆ ಒಡಕಿನಿಂದ ತೆಗೆಯಲು ವೈನಿ ಬಿಡಲಿಲ್ಲ.